ಹಳೆಯ ಸಾಲಿಗೆ ಹೊಸ ವೇಳೆ

ಸಿಂದಗಿಯ ಕಂಪ್ಯೂಟರ್ ಸೆಂಟರಿನಲ್ಲಿ ನಮಗೆ ಲಿನಕ್ಸ್ ಕಲಿಸುತ್ತಿದ್ದ ಸರ್, ಪರದೆಯನ್ನು ಪೂರ್ತಿ ಓದುವವರೆಗೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದರು. “ತಡೀರಿ, ಮೊದಲ ಓದೂಣು” ಎಂಬುದು ಅವರ ಮಾತು.

ಒಂದು ದಿನ ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟುಗಳೆಲ್ಲ ಅಳಿಸಿಹೋಗಿದ್ದವು. ಟೈಪ್ ಮಾಡಿದ ಆಜ್ಞೆಗಳನ್ನೆಲ್ಲ ಅದರ ಶೆಲ್, ಅಂದರೆ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮ್, ತನ್ನ ಹಿಸ್ಟರಿಯಲ್ಲಿ ಉಳಿಸಿಕೊಳ್ಳುತ್ತಿತ್ತು. ಹಿಂದಿನ ಸಂಜೆಯಷ್ಟೇ ಹಾಕಿದ್ದ ಶೆಲ್ಲಿನ ಹೊಸ ಆವೃತ್ತಿ ಪ್ರತಿ ಆಜ್ಞೆಯ ವೇಳೆಯನ್ನೂ ತೋರಿಸುತ್ತಿತ್ತು. ಅಳಿಸಿದ ಆಜ್ಞೆಯ ಪಕ್ಕದಲ್ಲಿ ಆ ಬೆಳಗಿನ ವೇಳೆ ಇತ್ತು. ಆಗ ಅಲ್ಲಿ ಕೂತಿದ್ದವಳು ನಾನು.

“ಈಕಿನ ಅಳಿಸ್ಯಾಳ್ರಿ. ನಾಳಿಂದ ಬರೂದು ಬ್ಯಾಡ,” ಎಂದರು ಸೆಂಟರಿನ ಮಾಲೀಕರು.

“ತಡೀರಿ, ಮೊದಲ ಓದೂಣು,” ಎನ್ನುತ್ತ ಸರ್ ಹಿಸ್ಟರಿಯ ಹಿಂದಿನ ಸಾಲುಗಳನ್ನು ತೆರೆದು ಓದಿದರು. ಕಳೆದ ತಿಂಗಳ ಪಾಠದ ಆಜ್ಞೆಗಳಿಗೂ ಅದೇ ವೇಳೆ ಇತ್ತು. “ಹಳೇ ಶೆಲ್ ವೇಳೆ ಬರದ ಇಟ್ಟಿಲ್ರಿ. ಹೊಸಾದು ಇವತ್ತ ಮುಂಜಾನೆ ತಾ ಚಾಲೂ ಆದ ವೇಳೆನ ಎಲ್ಲಾದಕ್ಕೂ ಹಚ್ಚೈತಿ. ಯಾರು ಅಳಿಸ್ಯಾರ ಅಂತ ಇದು ಹೇಳೂದಿಲ್ಲ.”

ಮಾಲೀಕರು ಹೊರಗೆ ಹೋದರು. ಅಳಿಸಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ನೀನೇ ಮಾಡಿದೆಯಾ ಎಂದು ಸರ್ ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಮರುದಿನ ನಾನು ದೇವರ ಹಿಪ್ಪರಗಿಯ ಬಸ್ಸಿಳಿದು ಅಳುಕುತ್ತಲೇ ಒಳಗೆ ಬಂದಾಗ, ಸರ್ ಅದೇ ಕಂಪ್ಯೂಟರಿನ ಮುಂದಿನ ಕುರ್ಚಿ ಎಳೆದು, “ಕುಂದ್ರವ್ವಾ,” ಎಂದರು.