ಉಸುಕಿನಲ್ಲಿ ಊಟಿಯ ಗಿಡ

ಊಟಿಗೆ ಪ್ರವಾಸ ಹೋದ ಸಂಗಯ್ಯನವರು ಎಲ್ಲರಂತೆ ಚಹಾಪುಡಿ, ನೀಲಗಿರಿ ಎಣ್ಣೆ ತಂದಿದ್ದರೆ ಸೊಸೆ ಶಾಂಭವಿಯ ಬದುಕು ಬೇರೆಯೇ ಇರುತ್ತಿತ್ತು. ಅವರು ತಂದದ್ದು ರೋಡೋಡೆಂಡ್ರನ್ ಸಸಿ. ತಂಪು ಬೇಡುವ ಆ ಬೆಟ್ಟದ ಗಿಡವನ್ನು ತಮ್ಮೂರು ದಾಸನಕೊಪ್ಪದ ಒಣ ಉಸುಕಿನಲ್ಲಿ ಊರಿ, "ಹೂ ಬಿಡಿಸೇ ತೀರತೀನಿ" ಎಂದು ಊರಿಗೆಲ್ಲ ಸಾರಿಬಂದರು. ಸಾರಿದ್ದು ಮಾವ, ನೀರು ಹೊತ್ತದ್ದು ಸೊಸೆ.

ಶಾಂಭವಿಯೂ ಹಟಕ್ಕೆ ಬಿದ್ದಳು. ಉಸುಕು ತೋಡಿ ತೆಗೆದು, ಗಂಡ ಸುಭಾಷ್ ನಿಲ್ಕುಂದದ ಕಾಡಿನ ಕಡೆಯಿಂದ ಟೆಂಪೋದಲ್ಲಿ ತಂದ ಕೊಳೆತ ತರಗೆಲೆ ತುಂಬಿದಳು. ಬೋರಿನ ಸವಳು ನೀರು ಆಗದೆಂದು ಮಳೆನೀರು ಹಿಡಿದಿಟ್ಟಳು. ಬಿಸಿಲಿಗೆ ತೆಂಗಿನ ಗರಿ ಹೊದಿಸಿದಳು. 1997ರಲ್ಲಿ ಕೆಂಪು ಗೊಂಚಲೊಂದು ಅರಳಿಯೇಬಿಟ್ಟಿತು. "ನಮ್ಮ ಸೊಸಿ ಕೈಗುಣ ನೋಡ್ರಿ!" ಎಂದು ಸಂಗಯ್ಯನವರು ದಾರಿಹೋಕರನ್ನೂ ಕರೆದು ತೋರಿಸಿದರು. ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆದುಬಿಟ್ಟರು. ಅಲ್ಲಿಂದ ಅವಳಿಗೆ ತವರಿಲ್ಲ, ನೆಂಟರ ಮದುವೆಯಿಲ್ಲ. ಒಂದು ದಿನ ನೀರು ತಪ್ಪಿದರೂ ಗಿಡ ತಲೆ ಬಾಗಿಸುತ್ತಿತ್ತು.

ಮರುವರ್ಷ ಅವಳಿಗೆ ಅಂಗನವಾಡಿ ಕೆಲಸ ಸಿಕ್ಕಿತು. ಒಂದು ತಿಂಗಳು ಶಿರಸಿಯಲ್ಲೇ ಉಳಿದು ತರಬೇತಿ ಮುಗಿಸಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. ಮಾವ ಬೈಯಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ಹೋಗವ್ವಾ, ಬ್ಯಾಡ ಅಂದೀನೇನು? ಗಿಡಾ ಒಂದೀಟು ಗಟ್ಟಿ ಆಗಲಿ" ಎಂದರು.

ಆ ಉಸುಕಿನಲ್ಲಿ ಗಿಡ ಗಟ್ಟಿಯಾಗುವುದು ಯಾವ ಜನ್ಮಕ್ಕೆ? ಈ ಹಾಳು ಗಿಡ ಸಾಯಬಾರದೇ ಎಂದು ಶಾಂಭವಿ ಮನಸ್ಸಿನಲ್ಲೇ ಶಪಿಸಿದಳು. ಆದರೂ ಏನಾದರಾಗಲಿ ಎಂದು ಚೀಲ ತುಂಬಿಟ್ಟಳು.

ಅಷ್ಟರಲ್ಲಿ ಎಲೆಗಳು ಹಳದಿಯಾಗತೊಡಗಿದವು. ಹೊರಡುವ ದಿನ ಬೆಳಿಗ್ಗೆ ಬುಡದ ತರಗೆಲೆ ಸರಿಸಿ ನೋಡುತ್ತಾಳೆ, ಕೆಳಗೆಲ್ಲ ಒಲೆಯ ಬೂದಿ! ಆ ಮನೆಯಲ್ಲಿ ಬದನೆ, ಬೆಂಡೆ ಎಲ್ಲಕ್ಕೂ ಬೂದಿಯೇ ಗೊಬ್ಬರ. ಈ ಒಂದು ಗಿಡಕ್ಕೆ ಮಾತ್ರ ಅದು ವಿಷವೆಂದು ಶಾಂಭವಿಯೇ ಎಲ್ಲರಿಗೂ ಹೇಳಿಟ್ಟಿದ್ದಳು.

"ನಾನೇ ಹಾಕೀನಿ," ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅತ್ತೆ ಗಿರಿಜವ್ವ ಮೆಲ್ಲಗೆ ಹೇಳಿದರು. "ದಿನಾ ಒಂದೊಂದು ಮುಷ್ಟಿ. ನನ್ನ ಜನ್ಮ ಅಂತೂ ಈ ಹಿತ್ತಲದಾಗ ಹೋತು. ಇದು ಸಾಯಲಿ ಬಿಡು. ಬಸ್ ಬರೂ ಹೊತ್ತಾತು, ನೀ ಹೋಗು."

ಎಂದೂ ನಾಲ್ಕು ಮೆದು ಮಾತಾಡದ ಅತ್ತೆ. ಶಾಂಭವಿಗೆ ಅಳು ಒತ್ತರಿಸಿ ಬಂತು, ಎದ್ದು ಹೋಗಿ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಅವಳ ಕೈಗಳು ಆಗಲೇ ಬುಡದ ಮಣ್ಣಿಗಿಳಿದು ಬೂದಿ ಬಾಚುತ್ತಿದ್ದವು.

"ಏ, ತೆಗೀಬ್ಯಾಡ! ಹುಚ್ಚಿ ಏನು ನೀ?" ಎಂದು ಗಿರಿಜವ್ವ ಕೂಗಿದರು.

ರಸ್ತೆಯಲ್ಲಿ ಶಿರಸಿ ಬಸ್ಸು ಹಾರ್ನ್ ಹೊಡೆಯಿತು. ಶಾಂಭವಿಗೆ ಅದು ಚೆನ್ನಾಗಿಯೇ ಕೇಳಿಸಿತು.

"ಬುಟ್ಟಿ ಕೊಡ್ರಿ ಅತ್ತ್ಯಾರ," ಎಂದಳು, ತಲೆಯೆತ್ತದೆ. "ಲಗೂನ."