ಸರಸ್ವತಿ ಕೂತ ಟೇಪು

ಬೆಳಿಗ್ಗೆ ಹೆಂಡತಿ ನನ್ನ ಮೊಣಕಾಲಿನ ಗಾಯಕ್ಕೆ ಸ್ಪಿರಿಟ್ ಹಚ್ಚುತ್ತಿದ್ದಳು. ಹೋದ ವಾರ ಬಚ್ಚಲಲ್ಲಿ ಜಾರಿಬಿದ್ದದ್ದರ ಪ್ರಸಾದ. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಉರಿ ಮರೆತು ನಕ್ಕುಬಿಟ್ಟೆ. "ಪೆಟ್ಟಾಗಿದ್ದು ಕಾಲಿಗೋ ತಲೆಗೋ?" ಎಂದಳು.

ಯಾಕೆ ನಕ್ಕೆ, ಹೇಳುತ್ತೇನೆ ಕೂತುಕೊಳ್ಳಿ. ಅರವತ್ತರ ದಶಕದ ಕೊನೆಯಲ್ಲಿ ನಾನು ಜಯನಗರದಿಂದ ಸೈಕಲ್ ತುಳಿದು ಒಂದು ಕಂಪ್ಯೂಟರ್ ಕೋಣೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಕಂಪ್ಯೂಟರು ತನ್ನ ಟೈಪ್‌ರೈಟರಿನಲ್ಲಿ ಟಕಟಕ ಎಂದು 'ಇಂಥ ಟೇಪು ಹಾಕು' ಎಂದು ಹೊಡೆಯುತ್ತಿತ್ತು. ನಾನು ಎದ್ದು, ಕಪಾಟಿನಿಂದ ಲೆಕ್ಕಪತ್ರ ತುಂಬಿಟ್ಟ ಆ ಟೇಪಿನ ಸುರುಳಿ ತಂದು, ಬೀರುವಿನಷ್ಟೆತ್ತರದ ಯಂತ್ರಕ್ಕೆ ಸಿಕ್ಕಿಸಿ, 'ಹಾಕಿದೆ' ಎಂದು ಉತ್ತರ ಹೊಡೆಯಬೇಕು. ಕೂತರೆ ಮತ್ತೆ ಟಕಟಕ. ಹೊಸ ಅಳಿಯನಿಗೂ ಯಾರೂ ಅಷ್ಟು ಉಪಚಾರ ಮಾಡಿರಲಾರರು.

ಅಳಿಯ ಅಂದೆನಲ್ಲ, ಆಗ ನನಗೆ ನಾಲ್ಕನೇ ಬ್ಲಾಕಿನ ಹೆಡ್‌ಮಾಸ್ಟರೊಬ್ಬರ ಮಗಳನ್ನು ನೋಡಿದ್ದರು. ನನಗಂತೂ ಅವಳನ್ನು ಬಿಟ್ಟರೆ ಬೇರೆ ಯಾರೂ ಬೇಡ ಎನ್ನುವಷ್ಟು ಹುಚ್ಚು ಹಿಡಿದಿತ್ತು. ಮೇಷ್ಟ್ರಿಗೆ ಮಾತ್ರ ಅನುಮಾನ. "ಟೇಪು ಹಾಕೋದೂ ಒಂದು ಕೆಲಸವೇ? ನಾನೇ ಬಂದು ನೋಡ್ತೀನಿ, ಆಮೇಲೆ ಮುಂದಿನ ಮಾತು," ಎಂದರು. ಬಂದದ್ದು ದಸರಾ ರಜ ಮುಗಿದ ಮೊದಲ ಬೆಳಿಗ್ಗೆ.

ಆಯುಧಪೂಜೆಗೆ ನಾವು ಈ ಯಂತ್ರಗಳನ್ನೂ ಬಿಟ್ಟಿರಲಿಲ್ಲ. ಹಿರಿಯ ಆಪರೇಟರ್ ಶ್ರೀಕಂಠಯ್ಯನವರು ಒಂದೊಂದಕ್ಕೂ ಹೂವು ಮುಡಿಸಿ, ಬಾಗಿಲು ತೆರೆದು, ಟೇಪು ತಾಗಿಕೊಂಡು ಹಾದುಹೋಗುವ ಪುಟ್ಟ ಲೋಹದ ಜಾಗಕ್ಕೂ ಕುಂಕುಮ ಇಟ್ಟಿದ್ದರು. "ಓದೋ ಜಾಗ ಕಣಯ್ಯ, ಸರಸ್ವತಿ ಕೂತಿರ್ತಾಳೆ!"

ಮೇಷ್ಟ್ರು ಕೊಡೆ ಊರಿಕೊಂಡು ಕೂತರು. ಟಕಟಕ. ಟೇಪು ಹಾಕಿದೆ. 'ಓದಲಾಗುತ್ತಿಲ್ಲ, ಮತ್ತೆ ಹಾಕು' ಎಂದಿತು ಕಂಪ್ಯೂಟರು. ಹಾಕಿದೆ. ಮತ್ತೆ ಅದೇ ರಾಗ. ಹುಡುಗಿ ಕೈತಪ್ಪಿಹೋದಳು ಎಂದೇ ಅಂದುಕೊಂಡೆ. ಕೊನೆಗೆ ಬಗ್ಗಿ ನೋಡಿದರೆ ಒಳಗೆ ಕುಂಕುಮ! ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ. ಟೇಪು ಸರಸರ ಓಡಿತು. ಶ್ರೀಕಂಠಯ್ಯನವರು ಗಲ್ಲ ಬಡಿದುಕೊಂಡು ಕ್ಷಮೆ ಕೇಳಿದರು, ಸರಸ್ವತಿಯನ್ನು, ನನ್ನನ್ನಲ್ಲ.

ಮೇಷ್ಟ್ರು ಎದ್ದರು. "ಏನಪ್ಪಾ, ಇದು ದಿನಾ ಹೀಗೇ ಕರೆಯುತ್ತಾ?"

"ದಿನವೆಲ್ಲಾ ಸಾರ್."

"ಬೇಜಾರಾಗಲ್ವೇ?"

"ಕರೆದಾಗ ಹೋಗೋದೇ ಕೆಲಸ ಅಲ್ವೇ ಸಾರ್."

ಮನೆಗೆ ಹೋಗಿ ಮಗಳಿಗೆ ಹೇಳಿದರಂತೆ: "ಕೆಲಸ ಏನೂಂತ ನಂಗರ್ಥ ಆಗ್ಲಿಲ್ಲ. ಆದ್ರೆ ಎಷ್ಟು ಸಲ ಕರೆದ್ರೂ ಹುಡುಗ ಗೊಣಗದೆ ಎದ್ದು ಹೋಗ್ತಾನೆ. ಮಾಡ್ಕೋ."

ಅಲ್ಲಿಂದ ಶುರು ನೋಡಿ, ಅವಳು ಕರೆಯುವುದು, ನಾನು ಏಳುವುದು. ಅಟ್ಟದ ಡಬ್ಬ, ಗ್ಯಾಸ್ ಸಿಲಿಂಡರು, ಮಾರ್ಕೆಟ್ಟಿನ ಸೊಪ್ಪು. "ಅಪ್ಪ ಹೇಳಿದ್ದು ನೆನಪಿದೆ ತಾನೇ?" ಎಂದು ಮೇಲಿಂದ ಅಣಕ ಬೇರೆ. ಆದರೆ ಈ ವಾರವೆಲ್ಲ ಕೂತಲ್ಲಿಂದ ಕೂಗಿದವನು ನಾನು: ನೀರು, ಪೇಪರು, ಕನ್ನಡಕ, ಮತ್ತೆ ನೀರು. ಪ್ರತಿ ಸಲವೂ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳಿಗೂ ಮಂಡಿನೋವಿದೆ.

ಸ್ಪಿರಿಟ್ ಬಾಟಲಿ ಮುಚ್ಚಿ ಅವಳು ಒಳಗೆ ಹೋದಳು. ನನಗೆ ಕಾಫಿ ಬೇಕೆನಿಸಿತು. ಕೂಗಲು ಬಾಯಿ ತೆರೆದವನು ಸುಮ್ಮನಾದೆ. ಕೋಲು ಹಿಡಿದು ಕುಂಟುತ್ತಾ ಅಡುಗೆಮನೆ ಸೇರಿದೆ.

"ಅಯ್ಯೋ, ಯಾಕ್ರೀ ಎದ್ರಿ?" ಎಂದಳು. "ನಾನು ಕರೀಲೇ ಇಲ್ವಲ್ಲ!"