ಟವೆಲ್ ಇಲ್ಲದ ವ್ಯಾಪಾರ

ಮುಧೋಳದ ದನದ ಸಂತೆಯಲ್ಲಿ ನಾನು ಎತ್ತಿನ ದಲ್ಲಾಳಿ. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಕೆಳಗೆ ಕೈ ಕೊಟ್ಟು, ಬೆರಳು ಹಿಡಿದು ದರ ತಿಳಿಸುತ್ತೇವೆ. ಹಿಡಿದ ಬೆರಳಿಗೆ ಇಬ್ಬರೂ ಒಪ್ಪಿದರೆ ಮುಗಿಯಿತು, ಸಂಜೆಯೊಳಗೆ ಎತ್ತು ಕುಂಟಿದರೂ ದರ ಅದೇ. ಹಲ್ಲು, ಗೊರಸು ನೋಡಿ ಎತ್ತಿನ ಯೋಗ್ಯತೆ ಹೇಳುವ ನನಗೆ ಮ್ಯೂಚುವಲ್ ಫಂಡ್ ಯಾವ ಲೆಕ್ಕ ಎಂಬ ಸೊಕ್ಕಿತ್ತು. ಈಗ ನೆನೆದರೆ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಅನಿಸುತ್ತದೆ.

ಅಕ್ಕನ ಮನೆ ಬನಹಟ್ಟಿಯಲ್ಲಿ. ಅವಳೂ ಅವಳ ಗಂಡ ಮಾಮಾನೂ ಸೀರೆ ನೇಯುವವರು. ಹಳೆಯ ಮಗ್ಗಗಳನ್ನು ಮಾರಿದ ದುಡ್ಡನ್ನು ಹೊಸ ಮಗ್ಗ ಕೊಳ್ಳುವವರೆಗೆ ಬ್ಯಾಂಕಿನಲ್ಲಿ ಇಡುತ್ತೇನೆ ಎಂದಳು ಅಕ್ಕ. ನಾನು ನಕ್ಕೆ.

“ಬ್ಯಾಂಕಿನ ಬಡ್ಡಿ ನಂಬಿದ್ರ ಮಗ್ಗ ತಗೊಳ್ಳಾಕ ಮುಂದಿನ ಜನ್ಮಾನ ಬೇಕಕ್ಕಾ.”

ಅವಳ ಹೆಸರಿನಲ್ಲಿ ಖಾತೆ ತೆರೆದು ನನ್ನ ಫೋನಿನಿಂದ ನಡೆಸತೊಡಗಿದೆ. ಯಾವ ಫಂಡ್, ಯಾವಾಗ ಅನ್ನುವುದೆಲ್ಲ ನನ್ನದು. ಅವಳ ಫೋನಿಗೆ ಬಂದ ಒಟಿಪಿ ಓದಿ ಹೇಳುವುದಷ್ಟೇ ಅವಳ ಕೆಲಸ. ಓದಿ ಮುಗಿಸಿ “ಛಲೋ ಆತೇನೋ ತಮ್ಮಾ?” ಎಂದು ಕೇಳುವಳು. ನಾನು ದೊಡ್ಡ ಸಾಹುಕಾರನಂತೆ “ಆತು, ಫೋನ್ ಇಡು” ಎನ್ನುತ್ತಿದ್ದೆ.

ಮೊದಲು ಬ್ಯಾಂಕುಗಳ ಷೇರಿನ ಫಂಡ್. ಅದು ನಿಧಾನವೆಂದು ಐಟಿ ಕಂಪನಿಗಳದ್ದು. ಒಂದು ಮುಂಜಾನೆ ಮಾರುಕಟ್ಟೆ ಕುಸಿಯಿತು. ಫೋನಿನಲ್ಲಿ ನೋಡಿದರೆ ನಮ್ಮ ಫಂಡಿನ ದರ ಮಾತ್ರ ಕದಲಿರಲಿಲ್ಲ. ಹಿಗ್ಗಿಬಿಟ್ಟೆ. ಇಳಿಯುವುದರೊಳಗೆ ಎಂದು ಗಡಿಬಿಡಿಯಲ್ಲಿ ಎಲ್ಲ ಮಾರಿದೆ. ಕಂಡ ದರವೇ ಬೆರಳು ಹಿಡಿದ ದರ ಅಂದುಕೊಂಡಿದ್ದೆ. ಅದು ಹಿಂದಿನ ದಿನದ್ದು, ಕೈಗೆ ಸಿಗುವುದು ಅವತ್ತಿನ ಸಂಜೆಯ ದರ ಎನ್ನುವುದು ದುಡ್ಡು ಬಂದ ಮೇಲೆ ತಿಳಿಯಿತು. ಅವಧಿಗೆ ಮೊದಲೇ ತೆಗೆದಿರಿ ಎಂದು ಬೇರೆ ಒಂದಿಷ್ಟು ಮುರಿದುಕೊಂಡಿದ್ದರು. ಹೋದದ್ದನ್ನು ತುಂಬಿಸುವ ಹಟಕ್ಕೆ ಬಿದ್ದು, ಆಗ ಎಲ್ಲರ ಬಾಯಲ್ಲಿದ್ದ ರಕ್ಷಣಾ ಕಂಪನಿಗಳ ಫಂಡಿಗೆ ಉಳಿದದ್ದನ್ನೆಲ್ಲ ಸುರಿದೆ. ನಾನು ಹೊಕ್ಕಿದ್ದೇ ತಡ, ಅದೂ ಇಳಿಯಿತು. ಅಕ್ಕ ಕೇಳಿದಾಗಲೆಲ್ಲ ಛಲೋ ಐತಿ ಎಂದೇ ಹೇಳಿದೆ.

ದುಡ್ಡು ಬ್ಯಾಂಕಿನಲ್ಲಿದೆ ಎಂದೇ ನಂಬಿದ್ದ ಮಾಮಾ ಶ್ರಾವಣ ಕಳೆದ ಮೇಲೆ ಮಗ್ಗ ಗೊತ್ತುಮಾಡಿ, ವ್ಯಾಪಾರ ಮುಗಿಸಿಕೊಡಲು ನನಗೆ ಹೇಳಿಕಳಿಸಿದರು. ಹೋದವನು ಮೊದಲು ಅಡುಗೆಮನೆಗೆ ನುಗ್ಗಿ, ಇರುವ ದುಡ್ಡಿಗೆ ಮಗ್ಗ ಬರುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತಿತು. ಬೈಯುತ್ತಾಳೆ ಎಂದು ಕಾದೆ.

“ನಿನ್ನ ರೊಕ್ಕಾನೂ ಹೋತೇನೋ?” ಎಂದಳು.

ನನ್ನ ಒಂದು ಪೈಸೆಯನ್ನೂ ನಾನು ಹಾಕಿರಲಿಲ್ಲ. ಅಕ್ಕನ ದುಡ್ಡಿನಲ್ಲೇ ಧೈರ್ಯಸ್ಥನಾಗಿದ್ದೆ. ಆದರೂ ಹೂಂ ಎಂದೆ. ಅವಳ ಕಣ್ಣು ತುಂಬಿದ್ದು ಆಗಲೇ, ಅದೂ ನನಗಾಗಿ. ಅದಕ್ಕಿಂತ ನಾಚಿಕೆಗೇಡಿನ ಗಳಿಗೆ ನನ್ನ ಬದುಕಿನಲ್ಲಿ ಇಲ್ಲ ಎಂದುಕೊಂಡೆ.

ಅವಳು ಕೈ ತೊಳೆದು ಹೊರಗೆ ಹೋಗಿ ಮಾಮಾನ ಎದುರು ನಿಂತಳು. “ತಮ್ಮ ಬ್ಯಾಡಂತನ ಹೇಳಿದ್ನರಿ. ನಾನ ಆಸೆಕ್ಕ ಬಿದ್ದು ಫಂಡಿಗೆ ಹಾಕಿಸಿದ್ನಿ. ಮಗ್ಗದ ರೊಕ್ಕ ಹೋತ್ರಿ.”

ಮಾಮಾ ಅವಳನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿದರು. “ನೀ ತಿಳದಾಂವ. ನೀನರ ಆಕಿಗೆ ಗಟ್ಟಿಯಾಗಿ ಹೇಳಬೇಕಿತ್ತಲ್ಲೋ.”

ಅಕ್ಕ ಅಲ್ಲೇ ನಿಂತಿದ್ದಳು.

“ಹೇಳಿದ್ನಿ ಮಾಮಾ,” ಎಂದೆ. “ಆಕಿ ಕೇಳಲಿಲ್ಲ.”